ಫಾರ್ಮ್ಯಾಟ್ ಮಾಡುವ ಮೊದಲು: ಗಣಕದ ದೋಷವೂ ಒಂದು ಪಾಠವಾಗಲಿ

ಬೋಧನಾಭ್ಯಾಸದ ವೀಕ್ಷಣೆಗಾಗಿ ಪ್ರೌಢಶಾಲೆಗಳಿಗೆ ಹೋಗುವ ಬೋಧಕರೆಲ್ಲರೂ ಒಂದಲ್ಲ ಒಂದು ಸಲ ಇದನ್ನು ಕಂಡಿರುತ್ತಾರೆ. ಪ್ರಶಿಕ್ಷಣಾರ್ಥಿ ಎರಡು ದಿನ ಶ್ರಮಪಟ್ಟು ಸ್ಲೈಡ್‌ಗಳನ್ನೂ ವಿಡಿಯೊ ತುಣುಕನ್ನೂ ಸಿದ್ಧಮಾಡಿಕೊಂಡು ಬಂದಿರುತ್ತಾರೆ. ತರಗತಿಯಲ್ಲಿ ಪರದೆಯ ಮೇಲೆ ಚಿತ್ರ ಮೂಡುತ್ತದೆ, ಧ್ವನಿ ಮಾತ್ರ ಬರುವುದಿಲ್ಲ. ತಂತಿಯನ್ನು ಬಿಚ್ಚಿ ಮತ್ತೆ ಸಿಕ್ಕಿಸುತ್ತಾರೆ, ‘ಕಂಪ್ಯೂಟರ್ ಸರ್’ ಅವರನ್ನು ಕರೆಸುತ್ತಾರೆ, ಹತ್ತು ನಿಮಿಷ ಕಳೆಯುತ್ತದೆ. ಕೊನೆಗೆ ‘ಕಂಪ್ಯೂಟರ್ ಹಾಳಾಗಿದೆ ಮಕ್ಕಳೇ’ ಎಂದು ಕಪ್ಪುಹಲಗೆಯತ್ತ ತಿರುಗುತ್ತಾರೆ. ವೀಕ್ಷಕರು ತಮ್ಮ ನಮೂನೆಯಲ್ಲಿ ‘ಉಪಕರಣದ ಪೂರ್ವಸಿದ್ಧತೆ ಸಾಲದು’ ಎಂದು ಬರೆಯುತ್ತಾರೆ.

ಮುಂದಿನ ಪಾಠಕ್ಕೆ ಅದೇ ಪ್ರಶಿಕ್ಷಣಾರ್ಥಿ ಚಾರ್ಟು ಮತ್ತು ಥರ್ಮೋಕೋಲ್ ಮಾದರಿ ತರುತ್ತಾರೆ. ಅವು ಕೈಕೊಡುವುದಿಲ್ಲ. ಹೀಗೆ ಒಂದು ಸಣ್ಣ ದೋಷದ ಭಯ ಒಬ್ಬ ಶಿಕ್ಷಕರನ್ನು ಗಣಕದಿಂದ ವರ್ಷಗಟ್ಟಲೆ ದೂರವಿಡುತ್ತದೆ. ಶಾಲೆಗಳ ಗಣಕ ಕೊಠಡಿಗಳ ಬೀಗಕ್ಕೆ ಹಣದ ಕೊರತೆ, ವಿದ್ಯುತ್ತಿನ ಕೊರತೆ ಕಾರಣವಿರಬಹುದು. ‘ಹಾಳಾಗಿದೆ’ ಎಂಬ ಮಾತಿನ ಆಚೆಗೆ ಹೋಗಲು ಯಾರಿಗೂ ಬಾರದಿರುವುದೂ ಒಂದು ಕಾರಣ.

ಎನ್‌ಸಿಟಿಇಯ 2014ರ ನಿಯಮಾವಳಿಯ ನಂತರ ಎರಡು ವರ್ಷಗಳ ಬಿ.ಇಡ್. ಕಾರ್ಯಕ್ರಮ ರೂಪುಗೊಂಡಾಗ, ವೃತ್ತಿ ಸಾಮರ್ಥ್ಯ ವರ್ಧನೆಯ ವಿಷಯಗಳಲ್ಲಿ ಒಂದಾಗಿ ‘ಐಸಿಟಿಯ ವಿಮರ್ಶಾತ್ಮಕ ತಿಳಿವಳಿಕೆ’ ಬಂತು. ಹೆಸರಿನಲ್ಲಿ ‘ವಿಮರ್ಶಾತ್ಮಕ’ ಎಂಬ ಮಾತಿದೆ. ನಾವು ಆ ಅವಧಿಗಳಲ್ಲಿ ಹೆಚ್ಚಾಗಿ ಮಾಡಿಸುವುದು ಪಠ್ಯ ಜೋಡಣೆ, ಸ್ಲೈಡ್ ತಯಾರಿಕೆ, ಅಂಕಪಟ್ಟಿಯ ಲೆಕ್ಕ. ಇವೆಲ್ಲ ಬೇಕು, ನಿಜ. ಆದರೆ ಎಲ್ಲ ಸರಿಯಿದ್ದಾಗ ಯಂತ್ರವನ್ನು ಬಳಸುವ ಕಲೆ ಮಾತ್ರ ಇವು. ಸರಿಯಿಲ್ಲದಾಗ ಏನು ಕೇಳಬೇಕು, ಎಲ್ಲಿ ನೋಡಬೇಕು ಎಂಬುದನ್ನು ನಾವು ಕಲಿಸುತ್ತಿಲ್ಲ. ಡ್ರೈವರ್ ಎಂದರೇನು, ಕೆಟ್ಟ ಗಣಕವನ್ನು ಹಿಂದಿನ ಸ್ಥಿತಿಗೆ ತರುವುದು ಹೇಗೆ ಎಂಬ ಎರಡು ಮೂಲ ವಿಷಯಗಳನ್ನು ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಗೂ, ಅವರ ಬೋಧನಾ ವಿಷಯ ಯಾವುದೇ ಇರಲಿ, ಕಲಿಸಬೇಕು ಮತ್ತು ಮೌಲ್ಯಮಾಪನಕ್ಕೆ ಒಳಪಡಿಸಬೇಕು ಎಂಬುದು ನನ್ನ ವಾದ.

ಚಾಲಕನೋ ದುಭಾಷಿಯೋ?

ಮೊದಲ ತೊಡಕು ಪದದಲ್ಲೇ ಇದೆ. ‘ಡಿವೈಸ್ ಡ್ರೈವರ್’ ಎಂಬುದನ್ನು ‘ಸಾಧನ ಚಾಲಕ’ ಎಂದು ಅನುವಾದಿಸಿ ಮುಂದೆ ಹೋಗುತ್ತೇವೆ. ಮಕ್ಕಳ ಮನಸ್ಸಿಗೆ ಆಗ ಬರುವುದು ಬಸ್ ಓಡಿಸುವವರ ಚಿತ್ರ. ಪೆನ್‌ಡ್ರೈವ್‌ನ ‘ಡ್ರೈವ್’ ಜೊತೆ ಇದನ್ನು ಕಲಸಿಕೊಳ್ಳುವವರೂ ಇದ್ದಾರೆ. ಪಾಠ ಹೇಳುವಾಗ ‘ದುಭಾಷಿ’ ಎಂಬ ಪದ ಹೆಚ್ಚು ಕೆಲಸಕ್ಕೆ ಬರುತ್ತದೆ. ವಿಂಡೋಸ್, ಲಿನಕ್ಸ್‌ನಂಥ ಕಾರ್ಯಾಚರಣಾ ವ್ಯವಸ್ಥೆಗೆ ‘ಈ ಪುಟವನ್ನು ಮುದ್ರಿಸು’ ಎಂದು ಹೇಳಲು ಗೊತ್ತು. ಆದರೆ ಪ್ರತಿಯೊಂದು ಕಂಪನಿಯ, ಪ್ರತಿಯೊಂದು ಮಾದರಿಯ ಮುದ್ರಕಕ್ಕೆ ಅರ್ಥವಾಗುವ ಆದೇಶಗಳು ಬೇರೆ ಬೇರೆ. ವ್ಯವಸ್ಥೆಯ ಮಾತನ್ನು ಆ ಸಾಧನದ ಮಾತಿಗೆ, ಸಾಧನದ ಉತ್ತರವನ್ನು ವ್ಯವಸ್ಥೆಯ ಮಾತಿಗೆ ತಿರುಗಿಸುವ ತಂತ್ರಾಂಶವೇ ಡ್ರೈವರ್. ಸಾಧನ ಚೆನ್ನಾಗಿದ್ದು, ತಂತಿ ಸರಿಯಿದ್ದು, ದುಭಾಷಿ ಇಲ್ಲದಿದ್ದರೆ ಇಬ್ಬರೂ ಮುಖ ನೋಡಿಕೊಂಡು ಕೂರಬೇಕಾಗುತ್ತದೆ.

ಈ ಹೋಲಿಕೆಗೂ ಒಂದು ಮಿತಿಯಿದೆ, ಅದನ್ನು ಪಾಠದಲ್ಲಿ ಹೇಳಲೇಬೇಕು. ಸಾಮಾನ್ಯ ದುಭಾಷಿ ಹೊರಗೆ ಕುಳಿತು ಕೆಲಸ ಮಾಡುತ್ತಾನೆ. ಗಣಕದ ಅನೇಕ ಡ್ರೈವರ್‌ಗಳು ಕರ್ನಲ್ ಎಂಬ ಒಳಮನೆಯಲ್ಲೇ ಕುಳಿತು ಕೆಲಸ ಮಾಡುತ್ತವೆ. ಪಠ್ಯ ಬರೆಯುವ ತಂತ್ರಾಂಶ ಎಡವಿದರೆ ಅದೊಂದೇ ಮುಚ್ಚಿಹೋಗುತ್ತದೆ. ಕರ್ನಲ್‌ನಲ್ಲಿರುವ ಡ್ರೈವರ್ ಎಡವಿದರೆ ಇಡೀ ಯಂತ್ರ ನಿಲ್ಲಬಹುದು. ನೀಲಿ ಪರದೆ ಕಾಣಿಸಿಕೊಳ್ಳುವುದಕ್ಕೆ ಇದು ಒಂದು ಸಾಮಾನ್ಯ ಕಾರಣ.

ಇದಕ್ಕೆ ಇತ್ತೀಚಿನ ದೊಡ್ಡ ನಿದರ್ಶನವೇ ಇದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸುರಕ್ಷಾ ಕಂಪನಿ ತನ್ನ ತಂತ್ರಾಂಶಕ್ಕೆ ಒಂದು ಪರಿಷ್ಕರಣೆ ಕಳುಹಿಸಿತು. ಆ ತಂತ್ರಾಂಶ ವಿಂಡೋಸ್‌ನ ಕರ್ನಲ್‌ನಲ್ಲಿ ಡ್ರೈವರ್ ಆಗಿ ಕೆಲಸ ಮಾಡುವಂಥದ್ದು. ಹೊಸ ಕಡತದಲ್ಲಿದ್ದ ದೋಷದಿಂದ ಅದು ತನಗೆ ಸೇರದ ಸ್ಮೃತಿಯ ಜಾಗವನ್ನು ಓದಲು ಹೋಯಿತು, ಯಂತ್ರಗಳು ನಿಂತವು. ಮೈಕ್ರೋಸಾಫ್ಟ್‌ನ ಅಂದಾಜಿನಂತೆ ತೊಂದರೆಗೊಳಗಾದವು ಸುಮಾರು 85 ಲಕ್ಷ ಯಂತ್ರಗಳು, ಅಂದರೆ ಜಗತ್ತಿನ ವಿಂಡೋಸ್ ಯಂತ್ರಗಳಲ್ಲಿ ಶೇಕಡಾ ಒಂದಕ್ಕಿಂತ ಕಡಿಮೆ. ಅಷ್ಟಕ್ಕೇ ವಿಮಾನಗಳು ನಿಂತವು, ಆಸ್ಪತ್ರೆಗಳ ಕೆಲಸ ತಡವಾಯಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು.

ಶಿಕ್ಷಕರಿಗೆ ಇದರಲ್ಲಿ ಮುಖ್ಯವಾದುದು ಮುಂದಿನ ಭಾಗ. ಕಂಪನಿ ಆ ಕಡತವನ್ನು ಒಂದೂವರೆ ಗಂಟೆಯೊಳಗೆ ಹಿಂತೆಗೆದುಕೊಂಡಿತು. ಆದರೆ ಆಗಲೇ ನಿಂತುಹೋಗಿದ್ದ ಬಹಳಷ್ಟು ಯಂತ್ರಗಳಿಗೆ ಸರಿಪಡಿಸಿದ ಕಡತವನ್ನು ಸ್ವೀಕರಿಸುವಷ್ಟು ಹೊತ್ತೂ ಏಳಲು ಆಗುತ್ತಿರಲಿಲ್ಲ. ಯಾರಾದರೂ ಯಂತ್ರದ ಮುಂದೆ ಕುಳಿತು, ಅದನ್ನು ಸೇಫ್ ಮೋಡ್‌ನಲ್ಲಿ ತೆರೆದು, ದೋಷದ ಕಡತವೊಂದನ್ನು ಅಳಿಸಿ, ಮತ್ತೆ ಚಾಲೂ ಮಾಡಬೇಕಾಯಿತು. ಡಿಸ್ಕ್‌ಗೆ ಬಿಟ್‌ಲಾಕರ್ ರಕ್ಷಣೆಯಿದ್ದ ಕಡೆ 48 ಅಂಕಿಗಳ ಕೀಲಿ ಸಂಖ್ಯೆಯೂ ಬೇಕಾಯಿತು. ಯಂತ್ರಗಳನ್ನು ಎಬ್ಬಿಸಿದ್ದು ಇಂಥ ಪ್ರಾಥಮಿಕ ಹೆಜ್ಜೆಗಳೇ. ಅವನ್ನು ಒಂಬತ್ತನೇ ತರಗತಿಯ ಮಕ್ಕಳಿಗೂ ವಿವರಿಸಬಹುದು.

ದೋಷ ಎಲ್ಲಿದೆ?

ನಮ್ಮ ಕಾಲೇಜುಗಳಲ್ಲಿ ನೈದಾನಿಕ ಪರೀಕ್ಷೆ ಮತ್ತು ಪರಿಹಾರ ಬೋಧನೆಯನ್ನು ಎಲ್ಲರೂ ಓದುತ್ತಾರೆ. ಭಾಗಾಕಾರದಲ್ಲಿ ತಪ್ಪಿದ ಮಗುವಿಗೆ ‘ಗಣಿತ ಬರುವುದಿಲ್ಲ’ ಎಂದು ಬರೆಯಬಾರದು, ತಪ್ಪು ಮಗ್ಗಿಯಲ್ಲಿದೆಯೋ, ಕಳೆಯುವುದರಲ್ಲಿದೆಯೋ, ಸ್ಥಾನಬೆಲೆಯಲ್ಲಿದೆಯೋ ನೋಡಬೇಕು ಎಂದು ಕಲಿಸುತ್ತೇವೆ. ಗಣಕದ ದೋಷಕ್ಕೂ ಇದೇ ಕ್ರಮ ಸಲ್ಲುತ್ತದೆ. ವಿದ್ಯುತ್ತು ಮತ್ತು ತಂತಿ, ಸಾಧನ, ಡ್ರೈವರ್, ಕಾರ್ಯಾಚರಣಾ ವ್ಯವಸ್ಥೆ, ಬಳಸುವ ತಂತ್ರಾಂಶ ಮತ್ತು ಕಡತ ಎಂಬ ಐದು ಪದರಗಳನ್ನು ಹಲಗೆಯ ಮೇಲೆ ಬರೆದು, ‘ದೋಷ ಇವುಗಳಲ್ಲಿ ಎಲ್ಲಿರಬಹುದು?’ ಎಂದು ಕೇಳುವುದೇ ಪಾಠದ ಆರಂಭ.

ಮೇಲೆ ಹೇಳಿದ ಧ್ವನಿಯಿಲ್ಲದ ವಿಡಿಯೊವನ್ನೇ ತೆಗೆದುಕೊಳ್ಳೋಣ. ಎಚ್‌ಡಿಎಂಐ ತಂತಿಯಲ್ಲಿ ಚಿತ್ರದ ಜೊತೆಗೆ ಧ್ವನಿಯೂ ಹೋಗುತ್ತದೆ. ಪ್ರೊಜೆಕ್ಟರ್ ಜೋಡಿಸಿದ ಕೂಡಲೇ ಗಣಕ ಧ್ವನಿಯನ್ನು ಪ್ರೊಜೆಕ್ಟರ್‌ಗೆ ಕಳುಹಿಸಲು ಆರಂಭಿಸಿರಬಹುದು. ಅದರಲ್ಲಿ ಸ್ಪೀಕರ್ ಇಲ್ಲದಿದ್ದರೆ ಧ್ವನಿ ಎಲ್ಲಿಯೂ ಕೇಳಿಸದು. ಪರದೆಯ ಬಲಮೂಲೆಯ ಸ್ಪೀಕರ್ ಚಿಹ್ನೆಯನ್ನು ಒತ್ತಿ, ಧ್ವನಿ ಹೊರಹೋಗುವ ಸಾಧನವನ್ನು ಬದಲಿಸಿದರೆ ಸಾಕು. ಇಲ್ಲಿ ಯಾವುದೂ ಹಾಳಾಗಿರಲಿಲ್ಲ. ಚಿತ್ರವೇ ಬಾರದಿದ್ದಾಗಲೂ ಹಾಗೆಯೇ. ತಂತಿಯಲ್ಲಿ ಜೋಡಿಸುವ ಪ್ರೊಜೆಕ್ಟರ್‌ಗೆ ಸಾಮಾನ್ಯವಾಗಿ ಪ್ರತ್ಯೇಕ ಡ್ರೈವರ್ ಬೇಕಿಲ್ಲ. ವಿಂಡೋಸ್ ಕೀಲಿಯ ಜೊತೆ ‘ಪಿ’ ಒತ್ತಿ ‘ಡ್ಯೂಪ್ಲಿಕೇಟ್’ ಆರಿಸುವುದನ್ನು ಮೊದಲು ನೋಡಬೇಕು.

ಡ್ರೈವರ್‌ನದೇ ತೊಂದರೆಯಾದರೆ ವಿಂಡೋಸ್ ಅದನ್ನು ಮುಚ್ಚಿಡುವುದಿಲ್ಲ. ‘ಡಿವೈಸ್ ಮ್ಯಾನೇಜರ್’ ತೆರೆದರೆ ಗಣಕಕ್ಕೆ ಸೇರಿದ ಸಾಧನಗಳ ಪಟ್ಟಿ ಕಾಣುತ್ತದೆ. ಹಳದಿ ಗುರುತಿರುವ ಸಾಧನದ ‘ಪ್ರಾಪರ್ಟೀಸ್’ ನೋಡಿದರೆ ಒಂದು ಸಂಕೇತ ಸಂಖ್ಯೆ ಇರುತ್ತದೆ. ಕೋಡ್ 28 ಎಂದರೆ ಡ್ರೈವರ್ ಸ್ಥಾಪನೆಯಾಗಿಲ್ಲ. ಕೋಡ್ 22 ಎಂದರೆ ಸಾಧನವನ್ನು ಯಾರೋ ನಿಷ್ಕ್ರಿಯಗೊಳಿಸಿದ್ದಾರೆ. ಕೋಡ್ 10 ಎಂದರೆ ಸಾಧನ ಆರಂಭವಾಗುತ್ತಿಲ್ಲ. ಕೋಡ್ 43 ಎಂದರೆ ಸಾಧನವೇ ತೊಂದರೆಯನ್ನು ವರದಿ ಮಾಡಿದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿದೆ. ಪರದೆಯ ಅಕ್ಷರಗಳೆಲ್ಲ ದೊಡ್ಡದಾಗಿ, ಚಿತ್ರ ಎಳೆದಂತೆ ಕಂಡು, ಪಟ್ಟಿಯಲ್ಲಿ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿದ್ದರೆ, ಚಿತ್ರಕ್ಕೆ ಸಂಬಂಧಿಸಿದ ಸರಿಯಾದ ಡ್ರೈವರ್ ಇಲ್ಲದೆ ವ್ಯವಸ್ಥೆ ತಾತ್ಕಾಲಿಕ ದುಭಾಷಿಯಿಂದ ಕೆಲಸ ನಡೆಸುತ್ತಿದೆ ಎಂದರ್ಥ. ಇಷ್ಟನ್ನು ಓದಿ ದಾಖಲಿಸಿದ ಶಿಕ್ಷಕಿ ತಂತ್ರಜ್ಞರಿಗೆ ಫೋನ್ ಮಾಡಿ ‘ಕೋಡ್ 28 ತೋರಿಸುತ್ತಿದೆ’ ಎಂದರೆ, ಅವರು ಬರುವಾಗ ಬೇಕಾದುದನ್ನು ಹಿಡಿದುಕೊಂಡು ಬರುತ್ತಾರೆ. ‘ಹಾಳಾಗಿದೆ’ ಎಂದರೆ ಮೊದಲು ನೋಡಲು ಒಮ್ಮೆ, ಆಮೇಲೆ ಸರಿಪಡಿಸಲು ಇನ್ನೊಮ್ಮೆ ಬರಬೇಕಾಗುತ್ತದೆ.

ಮರಳಿ ತರುವ ಮೆಟ್ಟಿಲುಗಳು

ನಮ್ಮ ಶಾಲೆಗಳಲ್ಲಿ ಎಲ್ಲ ರೋಗಕ್ಕೂ ಒಂದೇ ಮದ್ದು ‘ಫಾರ್ಮ್ಯಾಟ್’. ಒಂದು ಲೆಕ್ಕ ತಪ್ಪಿದ ಮಗುವನ್ನು ಮತ್ತೆ ಒಂದನೇ ತರಗತಿಗೆ ಕಳುಹಿಸಿದಂತೆ ಇದು. ಮರಳಿ ತರುವುದಕ್ಕೆ ಮೆಟ್ಟಿಲುಗಳಿವೆ. ಕಡಿಮೆ ನಷ್ಟದ ಮೆಟ್ಟಿಲಿನಿಂದ ಆರಂಭಿಸಿ, ಅದು ಫಲಿಸದಿದ್ದಾಗ ಮಾತ್ರ ಮುಂದಿನದಕ್ಕೆ ಹೋಗಬೇಕು.

ಮೊದಲನೆಯದು ‘ರೀಸ್ಟಾರ್ಟ್’. ‘ಶಟ್ ಡೌನ್’ ಮಾಡಿ ಮತ್ತೆ ಚಾಲೂ ಮಾಡುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ. ‘ಫಾಸ್ಟ್ ಸ್ಟಾರ್ಟಪ್’ ಇರುವ ವಿಂಡೋಸ್ 10, 11ರ ಯಂತ್ರಗಳಲ್ಲಿ ಶಟ್ ಡೌನ್ ಮಾಡಿದಾಗ ಕರ್ನಲ್‌ನ ಸ್ಥಿತಿ, ಡ್ರೈವರ್‌ಗಳ ಸಮೇತ, ಡಿಸ್ಕ್‌ನಲ್ಲಿ ಉಳಿಯುತ್ತದೆ. ಮರುದಿನ ಅದೇ ಸ್ಥಿತಿ ಎದ್ದು ಬರುತ್ತದೆ. ರೀಸ್ಟಾರ್ಟ್ ಮಾಡಿದರೆ ಎಲ್ಲವೂ ಹೊಸದಾಗಿ ಆರಂಭವಾಗುತ್ತದೆ. ಎರಡನೆಯದು, ಡ್ರೈವರ್ ಪರಿಷ್ಕರಣೆಯ ನಂತರ ತೊಂದರೆ ಶುರುವಾಗಿದ್ದರೆ ‘ರೋಲ್ ಬ್ಯಾಕ್ ಡ್ರೈವರ್’ ಮೂಲಕ ಹಿಂದಿನ ಡ್ರೈವರ್‌ಗೆ ಮರಳುವುದು. ಮೂರನೆಯದು, ಯಂತ್ರ ಪೂರ್ತಿ ಏಳದಿದ್ದರೆ ಸೇಫ್ ಮೋಡ್. ಅತ್ಯಗತ್ಯ ಡ್ರೈವರ್‌ಗಳಷ್ಟೇ ಅದರಲ್ಲಿ ಕೆಲಸ ಮಾಡುತ್ತವೆ. ಅಲ್ಲಿ ಯಂತ್ರ ಸರಿಯಾಗಿ ಎದ್ದರೆ ದೋಷ ಹೊರಗಿನಿಂದ ಸೇರಿದ ಯಾವುದೋ ಡ್ರೈವರ್ ಅಥವಾ ತಂತ್ರಾಂಶದಲ್ಲಿರುವ ಸಂಭವ ಹೆಚ್ಚು. ಹೀಗೆ ಸೇಫ್ ಮೋಡ್ ದೋಷದ ಜಾಗವನ್ನೂ ಸೂಚಿಸುತ್ತದೆ.

ನಾಲ್ಕನೆಯದು ‘ಸಿಸ್ಟಮ್ ರಿಸ್ಟೋರ್’. ಮೊದಲೇ ಗುರುತು ಹಾಕಿಟ್ಟ ಒಂದು ದಿನದ ಸ್ಥಿತಿಗೆ ವ್ಯವಸ್ಥೆಯನ್ನು ಅದು ಒಯ್ಯುತ್ತದೆ. ನಮ್ಮ ಪಾಠ ಯೋಜನೆ, ಫೋಟೊಗಳನ್ನು ಅದು ಮುಟ್ಟುವುದಿಲ್ಲ. ಆ ದಿನದ ನಂತರ ಹಾಕಿದ ತಂತ್ರಾಂಶ ಮತ್ತು ಡ್ರೈವರ್‌ಗಳು ಹೋಗುತ್ತವೆ. ಆದರೆ ಗುರುತನ್ನು ಮೊದಲೇ ಹಾಕಿರಬೇಕು; ಎಷ್ಟೋ ಯಂತ್ರಗಳಲ್ಲಿ ಈ ವ್ಯವಸ್ಥೆಯನ್ನು ಚಾಲೂ ಮಾಡಿಯೇ ಇರುವುದಿಲ್ಲ. ಐದನೆಯದು ‘ರೀಸೆಟ್ ದಿಸ್ ಪಿಸಿ’. ಇದರಲ್ಲಿ ‘ಕೀಪ್ ಮೈ ಫೈಲ್ಸ್’ ಆರಿಸಿದರೆ ಕಡತಗಳು ಉಳಿಯುತ್ತವೆ, ನಾವು ಹಾಕಿಕೊಂಡ ತಂತ್ರಾಂಶಗಳು ಹೋಗುತ್ತವೆ. ‘ರಿಮೂವ್ ಎವ್ರಿಥಿಂಗ್’ ಆರಿಸಿದರೆ ಕಡತಗಳೂ ಹೋಗುತ್ತವೆ. ಡಿಸ್ಕ್ ಅಳಿಸಿ ಹೊಸದಾಗಿ ವಿಂಡೋಸ್ ಹಾಕುವುದು ಕೊನೆಯ ಮೆಟ್ಟಿಲು. ಕಡತಗಳ ಪ್ರತಿ ಬೇರೊಂದು ಡಿಸ್ಕ್‌ನಲ್ಲಿದೆ ಎಂದು ಖಚಿತಪಡಿಸಿಕೊಳ್ಳದೆ ಐದನೆಯ ಮೆಟ್ಟಿಲಿಗೆ ಕಾಲಿಡಬಾರದು.

ಕೊನೆಯ ಮೆಟ್ಟಿಲಿನ ನಷ್ಟ ಎಂಥದ್ದೆಂದು ಕನ್ನಡ ಶಾಲೆಗಳಿಗೆ ಬೇರೆ ಹೇಳಬೇಕಿಲ್ಲ. ವರ್ಷಗಳ ಪ್ರಶ್ನೆಪತ್ರಿಕೆಗಳು, ಮಕ್ಕಳ ಯೋಜನಾ ಕಾರ್ಯಗಳು, ಶಾಲಾ ವಾರ್ಷಿಕೋತ್ಸವದ ಚಿತ್ರಗಳು ಒಂದೇ ಮಧ್ಯಾಹ್ನ ಇಲ್ಲವಾಗುತ್ತವೆ. ಕಡತ ಉಳಿದರೂ ಇನ್ನೊಂದು ಅಪಾಯ ಕಾದಿರುತ್ತದೆ. ನುಡಿ ಅಥವಾ ಬರಹದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಶೈಲಿಯಲ್ಲಿ ಟೈಪಿಸಿದ ಪ್ರಶ್ನೆಪತ್ರಿಕೆಯನ್ನು ಹೊಸದಾಗಿ ಸಿದ್ಧಪಡಿಸಿದ ಗಣಕದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳೂ ಚಿಹ್ನೆಗಳೂ ಕಾಣುತ್ತವೆ. ‘ಫೈಲ್ ಕರಪ್ಟ್ ಆಗಿದೆ’ ಎಂದು ಯಾರಾದರೂ ಅಳಿಸಿಬಿಡುತ್ತಾರೆ. ಕಡತಕ್ಕೆ ಏನೂ ಆಗಿರುವುದಿಲ್ಲ. ಆ ಅಕ್ಷರಶೈಲಿಯನ್ನು ಮತ್ತೆ ಹಾಕಿದರೆ ಕನ್ನಡ ಮರಳುತ್ತದೆ. ಯೂನಿಕೋಡ್‌ನಲ್ಲಿ ಟೈಪಿಸಿದ ಕಡತಕ್ಕೆ ಈ ಗತಿ ಬರುವುದಿಲ್ಲ. ಆದ್ದರಿಂದ ವಿಂಡೋಸ್ ಎದ್ದ ಮಾತ್ರಕ್ಕೆ ಮರಳಿ ತರುವ ಕೆಲಸ ಮುಗಿಯಿತೆಂದು ತಿಳಿಯಬಾರದು. ಡ್ರೈವರ್‌ಗಳು, ಅಕ್ಷರಶೈಲಿಗಳು, ಮುದ್ರಕ, ಕಡತ ಎಲ್ಲವೂ ಬಂದವೇ ಎಂದು ಪಟ್ಟಿ ಹಿಡಿದು ನೋಡಿದ ಮೇಲೆಯೇ ಮುಗಿಯುವುದು.

ಆಕ್ಷೇಪಗಳು

‘ಇದು ತಂತ್ರಜ್ಞರ ಕೆಲಸ, ಶಿಕ್ಷಕರದಲ್ಲ’ ಎನ್ನುವವರಿದ್ದಾರೆ. ಭಾಗಶಃ ಒಪ್ಪುತ್ತೇನೆ. ಯಂತ್ರದ ಪೆಟ್ಟಿಗೆ ತೆರೆಯುವುದು, ಬಯೋಸ್ ಬದಲಿಸುವುದು, ರಿಜಿಸ್ಟ್ರಿಯಲ್ಲಿ ಕೈಯಾಡಿಸುವುದು, ವಾರಂಟಿಯ ಸೀಲು ಒಡೆಯುವುದು ಶಿಕ್ಷಕರ ಕೆಲಸವಲ್ಲ. ‘ನಿಮ್ಮ ಎಲ್ಲ ಡ್ರೈವರ್‌ಗಳನ್ನೂ ಒಮ್ಮೆಲೇ ಸರಿಪಡಿಸುತ್ತೇವೆ’ ಎಂದು ಕೂಗುವ ಉಚಿತ ತಂತ್ರಾಂಶಗಳನ್ನು ಇಳಿಸಿಕೊಳ್ಳುವುದಂತೂ ಯಾರ ಕೆಲಸವೂ ಅಲ್ಲ. ಅವುಗಳ ಜೊತೆ ಬೇಡದ ತಂತ್ರಾಂಶಗಳು ನುಸುಳುತ್ತವೆ. ಡ್ರೈವರ್ ಬೇಕಾದರೆ ವಿಂಡೋಸ್ ಅಪ್‌ಡೇಟ್‌ನಿಂದ, ಇಲ್ಲವೇ ಗಣಕ ಅಥವಾ ಸಾಧನ ತಯಾರಿಸಿದ ಕಂಪನಿಯ ತಾಣದಿಂದಲೇ ತರಬೇಕು. ಈ ಎಲ್ಲೆ ಗೊತ್ತಿರಬೇಕಾದರೂ ಶಿಕ್ಷಕರಿಗೆ ವಿಷಯ ಗೊತ್ತಿರಬೇಕು. ಪ್ರಥಮ ಚಿಕಿತ್ಸೆ ಕಲಿತ ಶಿಕ್ಷಕರು ವೈದ್ಯರಾಗುವುದಿಲ್ಲ; ಯಾವಾಗ ಆಸ್ಪತ್ರೆಗೆ ಒಯ್ಯಬೇಕೆಂದು ಅವರಿಗೆ ತಿಳಿದಿರುತ್ತದೆ.

‘ಪಠ್ಯಕ್ರಮವೇ ಭಾರ, ಇನ್ನೊಂದು ವಿಷಯವೇ?’ ಎಂಬುದು ಎರಡನೆಯ ಆಕ್ಷೇಪ. ನಾನು ಕೇಳುತ್ತಿರುವುದು ನಾಲ್ಕು ಅವಧಿಗಳನ್ನು. ಸ್ಲೈಡ್‌ಗಳಿಗೆ ಬಣ್ಣ ಬಳಿಯುವ, ಅಕ್ಷರ ಕುಣಿಸುವ ಅವಧಿಗಳಿಂದ ಅವನ್ನು ತೆಗೆದುಕೊಂಡರೆ ಯಾರಿಗೂ ನಷ್ಟವಿಲ್ಲ.

‘ಮಕ್ಕಳು, ಪ್ರಶಿಕ್ಷಣಾರ್ಥಿಗಳು ಮುಟ್ಟಿದರೆ ಇರುವುದೂ ಕೆಡುತ್ತದೆ’ ಎಂಬುದು ಮೂರನೆಯದು. ಈ ಭಯದ ಭಾರ ಹೆಚ್ಚಾಗಿ ಮಹಿಳಾ ಪ್ರಶಿಕ್ಷಣಾರ್ಥಿಗಳ ಮೇಲೆ ಬೀಳುತ್ತದೆ. ಯಂತ್ರ ನಿಂತಾಗ ‘ಯಾರಾದರೂ ಹುಡುಗರನ್ನು ಕರೆಯಿರಿ’ ಎನ್ನುವ ಅಭ್ಯಾಸ ನಮ್ಮ ಕಾಲೇಜುಗಳಲ್ಲೂ ಇದೆ. ನಾಳೆ ಒಂದು ಹಳ್ಳಿಯ ಶಾಲೆಯಲ್ಲಿ ಆಕೆಯೊಬ್ಬರೇ ಇರುವಾಗ ಯಾರನ್ನು ಕರೆಯುವುದು? ನೆರೆಯ ಕೇರಳದಲ್ಲಿ 2018ರಿಂದ ಪ್ರೌಢಶಾಲೆಗಳಲ್ಲಿ ‘ಲಿಟಲ್ ಕೈಟ್ಸ್’ ಎಂಬ ವಿದ್ಯಾರ್ಥಿ ಸಂಘಗಳಿವೆ. ಯಂತ್ರಾಂಶದ ತರಬೇತಿಯೂ ಅವುಗಳ ಕಾರ್ಯಕ್ರಮದಲ್ಲಿದೆ. ಅಲ್ಲಿ ಪ್ರೌಢಶಾಲೆಯ ಮಕ್ಕಳು ಕಲಿಯುವುದನ್ನು ಇಲ್ಲಿ ಪದವೀಧರರು ಕಲಿಯಲಾರರೆಂದು ಹೇಳುವುದು ಸರಿಯಲ್ಲ.

ಇನ್ನೊಂದು ಮಾತು ‘ವಿಮರ್ಶಾತ್ಮಕ’ ಎಂಬ ಪದಕ್ಕೆ ಸಂಬಂಧಿಸಿದ್ದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಯಂತ್ರಗಳಲ್ಲಿ ಅನೇಕವು ವಿಂಡೋಸ್ 11ರ ಷರತ್ತುಗಳನ್ನು ಪೂರೈಸುವುದಿಲ್ಲ. ಚೆನ್ನಾಗಿ ಕೆಲಸ ಮಾಡುವ ಸ್ಕ್ಯಾನರ್ ಒಂದಕ್ಕೆ ತಯಾರಕರು ಹೊಸ ವ್ಯವಸ್ಥೆಯ ಡ್ರೈವರ್ ಕೊಡದಿದ್ದರೆ ಅದು ಮೂಲೆ ಸೇರುತ್ತದೆ. ಲಿನಕ್ಸ್‌ನಲ್ಲಿ ಬಹುಪಾಲು ಡ್ರೈವರ್‌ಗಳು ಕರ್ನಲ್‌ನ ಜೊತೆಗೇ ಬರುವುದರಿಂದ ಕೆಲವು ಹಳೆಯ ಸಾಧನಗಳು ಅದರಲ್ಲಿ ಮುಂದುವರಿಯುತ್ತವೆ. ಕೆಲವು ವೈಫೈ ಸಾಧನಗಳು, ಮುದ್ರಕಗಳು ಅಲ್ಲಿಯೂ ತೊಂದರೆ ಕೊಡುತ್ತವೆ. ಸಾರ್ವಜನಿಕ ಹಣದಲ್ಲಿ ಕೊಂಡ ಯಂತ್ರದ ಆಯುಷ್ಯವನ್ನು ಯಾರು ನಿರ್ಧರಿಸುತ್ತಾರೆ ಎಂಬ ಪ್ರಶ್ನೆಯನ್ನು ಶಿಕ್ಷಕರು ಕೇಳಬೇಕಲ್ಲವೇ? ಡ್ರೈವರ್ ಎಂದರೇನೆಂದು ತಿಳಿಯದವರಿಗೆ ಆ ಪ್ರಶ್ನೆ ಹೊಳೆಯುವುದೇ ಇಲ್ಲ.

ಏನು ಮಾಡಬಹುದು?

ಮೊದಲನೆಯದಾಗಿ, ಐಸಿಟಿ ವಿಷಯದಲ್ಲಿ ನಾಲ್ಕು ಅವಧಿಗಳ ಒಂದು ಘಟಕ: ಐದು ಪದರಗಳು, ಡಿವೈಸ್ ಮ್ಯಾನೇಜರ್ ಓದುವುದು, ಮರಳಿ ತರುವ ಮೆಟ್ಟಿಲುಗಳು, ಕಡತಗಳ ಪ್ರತಿ ತೆಗೆಯುವುದು. ಇದರ ಪರೀಕ್ಷೆ ಬರವಣಿಗೆಯಲ್ಲಿ ಬೇಡ. ಬೋಧಕರು ಬೇಕೆಂದೇ ಒಂದು ಸುರಕ್ಷಿತ ದೋಷವನ್ನು ಉಂಟುಮಾಡಲಿ; ಪ್ರಶಿಕ್ಷಣಾರ್ಥಿ ಅದನ್ನು ಪತ್ತೆಮಾಡಿ, ಏಕೆ ಹಾಗೆ ತೀರ್ಮಾನಿಸಿದರೆಂದು ಬಾಯಲ್ಲಿ ವಿವರಿಸಲಿ.

ಎರಡನೆಯದಾಗಿ, ಇದೇ ಚಟುವಟಿಕೆ ಬೋಧನಾಭ್ಯಾಸದ 40 ನಿಮಿಷದ ಪಾಠವೂ ಆಗಬಹುದು. ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಮೊದಲು ಒಂದು ರಿಸ್ಟೋರ್ ಪಾಯಿಂಟ್ ಹಾಕಿ, ಡಿವೈಸ್ ಮ್ಯಾನೇಜರ್‌ನಲ್ಲಿ ಧ್ವನಿ ಸಾಧನವನ್ನು ‘ಡಿಸೇಬಲ್’ ಮಾಡಿಡಿ. ಮಕ್ಕಳು ಗುಂಪುಗಳಲ್ಲಿ ‘ತಂತಿಯೇ? ಸ್ಪೀಕರೇ? ಡ್ರೈವರೇ?’ ಎಂದು ಊಹಿಸಲಿ, ಪ್ರತಿ ಊಹೆಯನ್ನೂ ಹೇಗೆ ಪರೀಕ್ಷಿಸುವಿರೆಂದು ಮೊದಲು ಹೇಳಲಿ, ಆಮೇಲೆ ಪರೀಕ್ಷಿಸಲಿ. ಕೋಡ್ 22 ಕಂಡಾಗ ಅದರ ಅರ್ಥವನ್ನು ಅವರೇ ಓದಿ ‘ಎನೇಬಲ್’ ಮಾಡಲಿ. ಊಹೆ, ಪರೀಕ್ಷೆ, ತೀರ್ಮಾನ ಎಂಬ ವಿಜ್ಞಾನದ ಕ್ರಮ ಇಲ್ಲಿ ತಾನಾಗಿ ನಡೆಯುತ್ತದೆ.

ಮೂರನೆಯದಾಗಿ, ವೀಕ್ಷಣಾ ನಮೂನೆಯಲ್ಲಿ ಒಂದು ಸಾಲು ಸೇರಿಸೋಣ: ‘ಉಪಕರಣ ಕೈಕೊಟ್ಟಾಗ ನಿರ್ವಹಿಸಿದ ರೀತಿ’. ಎರಡು ನಿಮಿಷದಲ್ಲಿ ನೋಡಬೇಕಾದುದನ್ನು ಕ್ರಮವಾಗಿ ನೋಡಿ, ಆಗದಿದ್ದರೆ ಪರ್ಯಾಯ ಚಟುವಟಿಕೆಗೆ ಹೊರಳಿದವರಿಗೆ ಅಂಕ ಕಳೆಯಬೇಡಿ, ಕೊಡಿ. ಈಗ ನಾವು ದೋಷವಾಗಿದ್ದಕ್ಕೆ ದಂಡಿಸುತ್ತಿದ್ದೇವೆ. ಅದರಿಂದ ಪ್ರಶಿಕ್ಷಣಾರ್ಥಿಗಳು ಯಂತ್ರವನ್ನೇ ಬಿಡುವುದನ್ನು ಕಲಿಯುತ್ತಾರೆ.

ನಾಲ್ಕನೆಯದಾಗಿ, ಇಂಟರ್ನ್‌ಶಿಪ್‌ಗೆ ಹೋಗುವ ಪ್ರತಿ ತಂಡವೂ ಆ ಶಾಲೆಯ ಗಣಕ ಕೊಠಡಿಗೆ ಒಂದು ದೋಷ ದಾಖಲೆ ಪುಸ್ತಕವನ್ನು ಆರಂಭಿಸಿ ಬರಲಿ. ಪ್ರತಿ ಯಂತ್ರದ ಮಾದರಿ, ದಿನಾಂಕ, ಕಂಡ ಲಕ್ಷಣ, ಕೋಡ್, ಮಾಡಿದ ಕ್ರಮ, ಫಲ ಇಷ್ಟು ಕಲಮುಗಳು ಸಾಕು. ಜೊತೆಗೆ ಒಂದು ಪೆನ್‌ಡ್ರೈವ್‌ನಲ್ಲಿ ಆ ಯಂತ್ರಗಳ ನೆಟ್‌ವರ್ಕ್ ಡ್ರೈವರ್‌ಗಳನ್ನು ಇಳಿಸಿಟ್ಟಿರಲಿ. ನೆಟ್‌ವರ್ಕ್ ಡ್ರೈವರ್ ಇಲ್ಲದೆ ಅಂತರಜಾಲವಿಲ್ಲ, ಅಂತರಜಾಲವಿಲ್ಲದೆ ಆ ಡ್ರೈವರ್ ಸಿಗುವುದಿಲ್ಲ. ಈ ಗಂಟು ಬಿಡಿಸಲು ಅದೊಂದೇ ದಾರಿಯಾಗುವ ಸಂದರ್ಭಗಳಿವೆ. ಬಿಟ್‌ಲಾಕರ್ ಇರುವ ಯಂತ್ರಗಳ ಕೀಲಿ ಸಂಖ್ಯೆ ಮುಖ್ಯೋಪಾಧ್ಯಾಯರ ಕಪಾಟಿನಲ್ಲಿ ಕಾಗದದ ಮೇಲೆ ಇರಲಿ.

ಎರಡು ವರ್ಷಗಳಲ್ಲಿ ಪ್ರಶಿಕ್ಷಣಾರ್ಥಿ ಒಟ್ಟು ಸುಮಾರು 20 ವಾರ ಶಾಲೆಗಳಲ್ಲಿ ಕಳೆಯುತ್ತಾರೆ. ಅಷ್ಟರಲ್ಲಿ ಯಂತ್ರ ಕೈಕೊಡುವುದು ಖಂಡಿತ. ಆ ಹೊತ್ತಿನಲ್ಲಿ ಶಿಕ್ಷಕರು ‘ಹಾಳಾಗಿದೆ’ ಎಂದರೆ, ಮಕ್ಕಳು ಯಂತ್ರವನ್ನು ತಮ್ಮ ತಿಳಿವಿಗೆ ನಿಲುಕದ್ದೆಂದು ಬಗೆಯುತ್ತಾರೆ. ‘ದೋಷ ಎಲ್ಲಿದೆ ನೋಡೋಣ ಬನ್ನಿ’ ಎಂದರೆ ನಾಲ್ಕಾರು ಮಕ್ಕಳಾದರೂ ಎದ್ದು ಹತ್ತಿರ ಬರುತ್ತಾರೆ. ಎರಡನೆಯ ಮಾತನ್ನು ಧೈರ್ಯದಿಂದ ಹೇಳಬಲ್ಲ ಶಿಕ್ಷಕರನ್ನು ಸಿದ್ಧಪಡಿಸುವ ಹೊಣೆ ನಮ್ಮ ಕಾಲೇಜುಗಳದು. ಮುಂದಿನ ಬೋಧನಾಭ್ಯಾಸದ ವೇಳಾಪಟ್ಟಿ ಸಿದ್ಧಪಡಿಸುವಾಗ ಈ ನಾಲ್ಕು ಅವಧಿಗಳಿಗೆ ಜಾಗ ಮಾಡಿಕೊಡೋಣ.